ಮೂಲೆಯ ತಾರೀಖು

ಪರದೆಯ ಕೆಂಪು ಗುರಾಣಿಯ ಮೇಲೆ ನೊಣ ಕೂತಿದೆಯೆಂದು ಬುಪ್ಪಾ ಕೈ ಬೀಸಿದಳು, ಹೋಗಲಿಲ್ಲ, ಕನ್ನಡಕ ಏರಿಸಿ ನೋಡಿದರೆ ನೊಣವಲ್ಲ, ಅದೇ ಹಾಳು ಆಶ್ಚರ್ಯಸೂಚಕ, ಕೆಳಗೆ ಆಂಟಿವೈರಸ್ಸಿನ ಅದೇ ಸಾಲು, ಅಪ್‌ಡೇಟ್ ವಿಫಲವಾಗಿದೆ, ನಿಮ್ಮ ಕಂಪ್ಯೂಟರಿಗೆ ರಕ್ಷಣೆ ಇಲ್ಲ, ಮತ್ತೆ ಪ್ರಯತ್ನಿಸಿ — ಬೆಳಿಗ್ಗೆಯಿಂದ ಹನ್ನೊಂದು ಸಲ ಪ್ರಯತ್ನಿಸಿಯಾಯಿತು, ಮನುಷ್ಯರಾದರೆ ಮೂರನೇ ಸಲಕ್ಕೆ ಮುಖ ಗಂಟಿಕ್ಕಿಕೊಂಡಾದರೂ ಎದ್ದು ಹೋಗುತ್ತಾರೆ, ಇದಕ್ಕೆ ನಾಚಿಕೆಯೂ ಇಲ್ಲ ಸುಸ್ತೂ ಇಲ್ಲ, ಸುಸ್ತೆಲ್ಲ ಅವಳ ಪಾಲಿಗೆ, ಸೊಂಟಕ್ಕೆ, ಮೊಣಕಾಲಿಗೆ, ಕಣ್ಣಿನ ಹಿಂದೆ ಎಲ್ಲೋ ಒಂದು ಜಾಗಕ್ಕೆ, ಅರವತ್ತೆರಡು ವರ್ಷದ ಮೈ, ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಗೊರಗೊರ ಅನ್ನುವ ಫ್ಯಾನು, ಐದು ಗಂಟೆಯೊಳಗೆ ಫೋಟೋಗಳು ಮುದ್ರಣದವನ ಕೈ ಸೇರಬೇಕು, ಸೇರದಿದ್ದರೆ ಪುಸ್ತಕವಿಲ್ಲ, ಪುಸ್ತಕವಿಲ್ಲದೆ ಶನಿವಾರ, ರೂಢಿಯಂತೆ ನೂರು ದಿನ ವಿಹಾರದಲ್ಲಿ ಪೆಟ್ಟಿಗೆಯಲ್ಲಿಟ್ಟಿದ್ದ ತಮ್ಮ ಥವಿಲ್‌ನ ದಹನ — ಹಾಗಾಗಕೂಡದು, ಫಿಚಿತ್ ಊರಿನ ಈ ಓಣಿಯಲ್ಲಿ ಯಾರು ಸತ್ತರೂ ದಹನದ ದಿನ ಹಂಚುವ ನೆನಪಿನ ಪುಸ್ತಕ ಟೈಪ್ ಮಾಡಿದವಳು ಅವಳು, ಮೀನು ಮಾರುವವಳದ್ದು, ಅಂಚೆಯವನದ್ದು, ಒಟ್ಟು ಮೂವತ್ತೊಂದು, ಹುಟ್ಟಿದ್ದು, ಓದಿದ್ದು, ಒಂದು ಮಳೆಗಾಲ ಭಿಕ್ಷುವಾಗಿ ವಿಹಾರದಲ್ಲಿದ್ದದ್ದು, ಮದುವೆ, ನೌಕರಿ, ಕೊನೆಯ ದಿನ, ಬಂದವರೆಲ್ಲ ಒಂದೊಂದು ಪ್ರತಿ ಹಿಡಿದು ಅದರಲ್ಲೇ ಗಾಳಿ ಬೀಸಿಕೊಳ್ಳುತ್ತ ಕೂರುತ್ತಾರೆ, ಊರವರಿಗೆಲ್ಲ ಮಾಡಿಕೊಟ್ಟವಳಿಗೆ ಒಡಹುಟ್ಟಿದವನ ಪುಸ್ತಕಕ್ಕೇ ಇದು ಕೈಕೊಡಬೇಕೇ, ಪೆನ್‌ಡ್ರೈವ್ ಸಿಕ್ಕಿಸಿದರೆ ತಪಾಸಣೆ ಆಗುತ್ತಿಲ್ಲ ಮೊದಲು ಅಪ್‌ಡೇಟ್ ಮಾಡಿ ಅನ್ನುತ್ತದೆ, ಮೇಲ್ ತೆರೆದರೆ ಈ ಜಾಗ ಸುರಕ್ಷಿತವಲ್ಲ ಅನ್ನುತ್ತದೆ, ಅಪ್‌ಡೇಟ್ ಒತ್ತಿದರೆ ವಿಫಲ ಅನ್ನುತ್ತದೆ, ಕಾವಲಿಗೆ ಇಟ್ಟವನೇ ಬಾಗಿಲಿಗೆ ಅಡ್ಡ ಕೂತು ಮನೆಯವರನ್ನು ಒಳಗೆ ಬಿಡದ ಹಾಗಾಯಿತು. ಅವನು ಸತ್ತ ದಿನ ಮುಚ್ಚಿಟ್ಟದ್ದು, ನೂರು ದಿನದ ಮೇಲೆ ಇವತ್ತು ಬೆಳಿಗ್ಗೆ ಇದರ ಪ್ಲಗ್ ಸಿಕ್ಕಿಸಿದ್ದು, ಹೊದಿಸಿದ್ದ ಬಟ್ಟೆ ಎತ್ತಿದಾಗ ಹಲ್ಲಿ ಓಡಿತು, ಕಪ್ಪು ಪರದೆ ಎದ್ದು ಅವತ್ತಿನ ಹಾಗೇ ದಿನ ಕೇಳಿತು ತಿಂಗಳು ಕೇಳಿತು ವರ್ಷ ಕೇಳಿತು, ಒಳಗಿರೋ ಪುಟ್ಟ ಬ್ಯಾಟರಿ ಸತ್ತಿದೆ ಅಕ್ಕ, ಪ್ಲಗ್ ಕಿತ್ತಾಗೆಲ್ಲ ಇದಕ್ಕೆ ಮರೆವು, ಹೊಸದು ಹಾಕ್ತೀನಿ ಇರು ಅಂದಿದ್ದ ಥವಿಲ್, ಮೂವತ್ತನಾಲ್ಕು ವರ್ಷ ಜಿಲ್ಲಾ ಕಚೇರಿಯಲ್ಲಿ ಊರಿನ ಹುಟ್ಟು ಸಾವು ಬರೆದುಕೊಂಡ ಅವಳ ಕೈ, ದಿನಕ್ಕೆ ಅರವತ್ತು ಸಲ ತಾರೀಖು ಹಾಕಿದ ಕೈ, ಕೇಳಿದ್ದಕ್ಕೆ ತಾನೇ ಉತ್ತರ ಒತ್ತಿ ಮುಂದೆ ಹೋಯಿತು.

ಫೋನು, ಉಬೋನ್‌ಳದ್ದು, ತಮ್ಮನ ಹೆಂಡತಿ, ಎತ್ತದಿದ್ದರೆ ಎತ್ತುವ ತನಕ ಮಾಡುತ್ತಾಳೆ — ಅಕ್ಕಾ, ಕಳಿಸಿದ್ರಾ, ಇಲ್ಲಮ್ಮ, ಅದೇನೋ ಅಪ್‌ಡೇಟೇ ಆಗ್ತಿಲ್ಲ, ಅಯ್ಯೋ ಬೆಳಿಗ್ಗೆಯಿಂದ ಅದೇ ಹಾಡು ಹೇಳ್ತಿದೀರಲ್ಲ, ಮುದ್ರಣದವನು ಎರಡು ಸಲ ಫೋನ್ ಮಾಡ್ದ, ಐದಕ್ಕೆ ಅಂಗಡಿ ಮುಚ್ಚಿದ್ರೆ ಆಮೇಲೆ ನನ್ನ ಕೇಳ್ಬೇಡಿ ಅಂತಾನೆ, ಮೂರು ಗಂಟೆಗೆ ಆಗತ್ತೆ ಉಬೋನ್, ಆಗಿಸ್ತೀನಿ, ಮತ್ತೆ ಆ ಕೊನೇ ದಿನದ ಪುಟ ಬರೆದ್ರಾ, ಇನ್ನೂ ಇಲ್ಲ, ಅದರಲ್ಲಿ ಬರೆಯೋಕೇನಿದೆ ಅಕ್ಕ, ರಾತ್ರಿ ಪಾಳಿ ಮುಗಿಸಿ ಬಂದ್ರು, ಮಲಗಿದ್ರು, ಹೆಂಡ್ತಿ ಸಂತೆಗೆ ಹೋದಾಗ ಎದ್ದು ಯಾರಿಗೋ ಕಾಫಿ ತಗೊಂಡು ಹೋದ್ರು, ದಾರೀಲಿ ಸತ್ರು, ಅಷ್ಟೇ ಹಾಕಿ, ಚೆನ್ನಾಗಿರತ್ತೆ, ಊರವರು ಓದ್ಲಿ — ಹಾಗನ್ನಬಾರದು ಉಬೋನ್, ಇನ್ನು ಹೇಗನ್ಲಿ ಹೇಳಿ, ಎರಡು ಚೀಲ ಐಸ್ ಕಾಫಿ ಇತ್ತಂತೆ, ಆಂಬುಲೆನ್ಸಿನ ಹುಡುಗರೇ ಹೇಳಿದ್ದು, ಒಂದು ಅವರದ್ದು, ಇನ್ನೊಂದು ಯಾರದ್ದು, ನಿಮಗೆ ಡಾಕ್ಟರು ಕಾಫಿ ಬಿಡಿಸಿ ಮೂರು ವರ್ಷ ಆಯ್ತು, ನಿಮಗಂತೂ ಅಲ್ಲ, ರೈಲು ಹಳಿ ದಾಟಿದ್ರೆ ನಿಮ್ಮ ಕಡೆ ಇನ್ಯಾರಿದ್ದಾರೆ, ಆ ನೂಡಲ್ ಅಂಗಡಿ ನೊಯ್ ಬಿಟ್ರೆ, ಜೇಬಲ್ಲಿ ಗಡಿಯಾರದ ಬ್ಯಾಟರಿ ಬೇರೆ, ನಮ್ಮನೇಲಿ ಕೈಗಡಿಯಾರ ಕಟ್ಟೋರು ಯಾರಿದ್ದಾರೆ, ಅವಳ ಕೈಯಲ್ಲಿ ನೋಡಿ, ಬಂಗಾರದ ಬಣ್ಣದ್ದು — ಅಷ್ಟು ಹೇಳಿ ಮೂಗು ಎಳೆದುಕೊಂಡಳು, ಅಕ್ಕ, ಶನಿವಾರ ಬರ್ತೀನಿ, ಬಿಳಿ ಕಪ್ಪು ಉಟ್ಕೊಂಡು ಮುಂದಿನ ಸಾಲಲ್ಲೇ ಕೂರ್ತೀನಿ, ಆದ್ರೆ ಗಂಧದ ಹೂ ಇಡಲ್ಲ, ಈಗ್ಲೇ ಹೇಳಿದೀನಿ, ಆಮೇಲೆ ಎಲ್ಲರ ಮುಂದೆ ನನ್ನ ಕೈ ಹಿಡಿದು ಎಳೀಬೇಡಿ. ಫೋನು ಕಡಿದುಬಿಟ್ಟಳು, ಬುಪ್ಪಾ ತನ್ನದನ್ನು ಮಗುಚಿ ಇಟ್ಟಳು, ಗಂಧದ ಚಕ್ಕೆಯಲ್ಲಿ ಮಾಡಿದ ಆ ಪುಟ್ಟ ಹೂವನ್ನು ಗುರುತು ಪರಿಚಯ ಇಲ್ಲದವರೂ ಪೆಟ್ಟಿಗೆಯ ಬಳಿ ಇಟ್ಟು ಹೋಗುತ್ತಾರೆ, ಹಾದಿಹೋಕರು ಇಡುತ್ತಾರೆ, ಸಾಲ ವಾಪಸು ಕೊಡದವನು ಕೂಡ ಇಡುತ್ತಾನೆ, ಇಪ್ಪತ್ತೆಂಟು ವರ್ಷ ಒಂದೇ ಸೊಳ್ಳೆಪರದೆಯೊಳಗೆ ಮಲಗಿದ ಹೆಂಡತಿ ಇಡುವುದಿಲ್ಲವಂತೆ, ನೊಯ್ ಪಾಪ, ಗಂಡ ಸತ್ತವಳು, ಥವಿಲ್‌ಗೆ ಎರಡು ಮಾಂಸದುಂಡೆ ಹೆಚ್ಚು ಹಾಕಿಕೊಟ್ಟಿದ್ದೇ ಅವಳ ಪಾಪ, ವಿದ್ಯುತ್ ಕಚೇರಿಯ ಲೈನ್‌ಮನ್ನು ಅಂದರೆ ಯಾವ ಅಂಗಡಿಯವಳು ಹೆಚ್ಚು ಹಾಕುವುದಿಲ್ಲ. ಬುಪ್ಪಾಳ ಬಾಯಿಯವರೆಗೆ ಬಂದಿತ್ತು, ನೂರು ದಿನವೂ ಬಾಯಿಯವರೆಗೆ ಬಂದು ಬಂದು ಅಲ್ಲೇ ಕೂತಿತ್ತು.

ಅದು ಯಾರಿಗೋ ಅಲ್ಲ ಉಬೋನ್, ನನಗೆ. ಅಷ್ಟೇ, ನಾಲ್ಕು ಮಾತು, ಸ್ನಾನದ ಮನೆಯಲ್ಲಿ ಹೇಳಿಕೊಂಡಿದ್ದಾಳೆ, ವಿಹಾರದ ಮೆಟ್ಟಿಲಲ್ಲಿ ಹೇಳಿಕೊಂಡಿದ್ದಾಳೆ, ಉಬೋನ್ ಎದುರು ಮಾತ್ರ ಬರುವುದಿಲ್ಲ, ಮಾಡಬಾರದ್ದು ಅಂತ ಹೇಳಿದ್ದನ್ನೇ ಮಾಡಿದ್ದಲ್ಲವೇ, ಅವತ್ತು ಬೆಳಿಗ್ಗೆ ಉಬೋನ್ ಬಾಯಿಬಿಟ್ಟು ಹೇಳಿದ್ದಳು, ಅಕ್ಕ ಎಬ್ಬಿಸ್ಬೇಡಿ, ಬಿರುಗಾಳಿಗೆ ಕಂಬ ಬಿದ್ದು ಎರಡು ರಾತ್ರಿ ನಿದ್ದೆ ಇಲ್ಲ ಅವರಿಗೆ, ನಿಮ್ಮ ಕಂಪ್ಯೂಟರ್ ನಾಳೆ ನೋಡ್ತಾರೆ, ಹ್ಞೂಂ ಅಂದಳು ಬುಪ್ಪಾ, ಹ್ಞೂಂ ಅಂದು ಉಬೋನ್ ಸಂತೆಗೆ ಹೋಗುವ ಹೊತ್ತು ನೋಡಿಕೊಂಡು ಸೀದಾ ಅವನ ಫೋನಿಗೇ ಮಾಡಿದಳು, ಏನು ಅಂಥ ತುರ್ತು, ಹೆಡ್‌ಮಾಸ್ತರರ ಪುಸ್ತಕದ ಎರಡು ಪುಟ, ಸತ್ತವರಿಗೆ ಏನು ಅವಸರ, ಅವಸರ ಅವಳಿಗೆ, ಶುರುಮಾಡಿದ್ದು ಮುಗಿಯದಿದ್ದರೆ ಅನ್ನ ಇಳಿಯದ ಜಾತಿ ಅವಳದ್ದು. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿದ್ದಳು, ಮತ್ತೆ ಹಾಕಿದಾಗ ತಾರೀಖು ಕೇಳಿತು, ಕೊಟ್ಟಳು, ಕೊಟ್ಟ ಮೇಲಿಂದ ಈ ಗುರಾಣಿ ಕೆಂಪಾಯಿತು — ಹಲೋ, ಥವಿಲ್, ಮಲಗಿದ್ಯಾ, ಇಲ್ಲ ಅಕ್ಕ ಸಾಗುವಳಿ ಮಾಡ್ತಿದೀನಿ, ಏನು ಹೇಳು, ಕೆಂಪು ಬರ್ತಿದೆ ಕಣೋ, ಆಫ್ ಮಾಡಿ ಆನ್ ಮಾಡು, ಮಾಡಿದಳು, ಎರಡನೇ ಸಲ ಮಾಡಿದಳು, ಇಂಟರ್‌ನೆಟ್ ವೈರು ಕಿತ್ತು ಹಾಕು, ಮೂರನೇ ಸಲ, ನಾಲ್ಕನೇ ಸಲ, ಐದನೇ ಸಲಕ್ಕೆ ಅವನ ದನಿಯಲ್ಲಿ ನಿದ್ದೆ ಕೆಸರಾಗಿತ್ತು, ಅಕ್ಕ ನಿನ್ನ ಕೈಮುಗೀತೀನಿ ಸಂಜೆ ಬರ್ತೀನಿ, ಆರನೇ ಸಲ ಎತ್ತಲಿಲ್ಲ, ಏಳನೇ ಸಲ ಎತ್ತಿದ, ಆಕಳಿಸಿದ, ಸರಿ, ಕೆಳಗೆ ಬಲಗಡೆ ಮೂಲೇಲಿ ತಾರೀಖು ಇರತ್ತೆ ನೋಡು, ಅದು ತಪ್ಪಿದ್ರೆ ಅಪ್‌ಡೇಟ್ ಆಗಲ್ಲ, ಏನಿದೆ ಓದು, ಓದಿದಳು, ಹನ್ನೊಂದು, ಎಂಟು, ಅರವತ್ತೆಂಟು, ಹ್ಞಾಂ ಸರಿಯಾಗೇ ಇದೆಯಲ್ಲ, ಮತ್ತಿನ್ನೇನು ರೋಗ ಅದಕ್ಕೆ, ಇರು ನಾನೇ ಬರ್ತೀನಿ, ಇಲ್ಲಾಂದ್ರೆ ನೀನು ನನ್ನ ಮಲಗೋಕೆ ಬಿಡಲ್ಲ, ಬ್ಯಾಟರೀನೂ ತರ್ತೀನಿ, ಕಾಫಿ ತರ್ಲಾ, ಉಬೋನ್‌ಗೆ ಹೇಳಲ್ಲ, ಸರಿ ತಾ, ಹೇಳ್ಬೇಡ. ನಕ್ಕಿದ್ದ, ಅವಳೂ ನಕ್ಕಿದ್ದಳು, ಎರಡು ಗಂಟೆ ಹತ್ತು ನಿಮಿಷಕ್ಕೆ ಎದುರು ಮನೆಯವಳು ಕೂಗಿದಳು, ಬುಪ್ಪಾ ಚಪ್ಪಲಿ ಇಲ್ಲದೆ ಓಡಿದಳು, ಹಳಿಯ ಆಚೆ ತಿರುವಿನಲ್ಲಿ ಅಕ್ಕಿ ಗಿರಣಿಯ ಲಾರಿ ಅಡ್ಡ ನಿಂತಿತ್ತು, ಜನ ಅವಳನ್ನು ಆ ಕಡೆ ಬಿಡಲಿಲ್ಲ, ಯಾರೋ ಪುಣ್ಯಾತ್ಮರು ಅವನ ಬೈಕನ್ನು ಎತ್ತಿ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿದ್ದರು, ಮುಂದಿನ ಕೊಕ್ಕೆಯಲ್ಲಿ ಎರಡು ಪ್ಲಾಸ್ಟಿಕ್ ಚೀಲ, ಅದು ಹೇಗೆ ಒಡೆಯಲಿಲ್ಲವೋ, ಒಂದರಲ್ಲಿ ಕೊಳವೆ, ಅರ್ಧ ಕುಡಿದದ್ದು, ಇನ್ನೊಂದು ರಬ್ಬರ್ ಬ್ಯಾಂಡು ಬಿಗಿದದ್ದು, ತುಂಬಿದ್ದು, ಐಸು ಕರಗಿರಲಿಲ್ಲ — ಬೇಡ, ಅದು ಬೇಡ ಈಗ, ಮೂರು ಗಂಟೆಯಾಗುತ್ತ ಬಂತು. ಆಸ್ಪತ್ರೆಯಲ್ಲಿ ಉಬೋನ್ ಭುಜ ಹಿಡಿದು ಅಲ್ಲಾಡಿಸಿದ್ದಳು, ನಿಮ್ಮನೆಗೆ ಬರ್ತಿದ್ರಾ ಅಕ್ಕ, ನೀವು ಕರೆದ್ರಾ, ಇಲ್ಲ ಅಂದಳು, ನಾನು ಕರೀಲಿಲ್ಲ, ನಂಗೊತ್ತಿಲ್ಲ ಅಂದಳು, ಅವನ ಫೋನು ಚಕ್ರದಡಿ ಪುಡಿಯಾಗಿತ್ತು, ಸುಳ್ಳನ್ನು ಸುಳ್ಳು ಅನ್ನುವವರು ಯಾರೂ ಉಳಿದಿರಲಿಲ್ಲ. ಒಂದು ನಿಮಿಷದ ಹೆದರಿಕೆಗೆ ಹೇಳಿದ್ದು, ನಾಳೆ ಸರಿಮಾಡೋಣ ಅಂದುಕೊಂಡದ್ದು, ಏಳು ದಿನದ ಮಂತ್ರಪಠಣ ಮುಗಿಯಿತು, ಐವತ್ತಾಯಿತು, ನೂರಾಯಿತು.

ಕಂಪೆನಿಯ ಸಹಾಯದ ಪುಟ ಫೋನಿನಲ್ಲಿ ತೆರೆದಿದೆ, ಕಂಪ್ಯೂಟರು ಆಫ್ ಮಾಡಿ ಆನ್ ಮಾಡಿ, ಮಾಡಿದೆ, ಇಂಟರ್‌ನೆಟ್ ನೋಡಿ, ನೋಡಿದೆ, ಬೇರೆ ಆಂಟಿವೈರಸ್ ಇದ್ದರೆ ತೆಗೆಯಿರಿ, ಇಲ್ಲ ಮಾರಾಯ ಇದೊಂದೇ ಸಾಕು, ಜಾಗ ಖಾಲಿ ಇದೆಯೇ, ಇದೆ, ತಾರೀಖು ಮತ್ತು ಸಮಯ ಸರಿ ಇದೆಯೇ — ಅದನ್ನು ಥವಿಲ್ ಆಗಲೇ ನೋಡಿದ್ದ, ಅವನು ನೋಡಿದ ಮೇಲೆ ಮುಗಿಯಿತು, ಆಗಲೂ ಸರಿ ಇತ್ತು, ಈಗಲೂ ಸರಿ ಇದೆ, ಇಪ್ಪತ್ತು, ಹನ್ನೊಂದು, ಅರವತ್ತೆಂಟು, ಗೋಡೆಯ ಕ್ಯಾಲೆಂಡರೂ ಅದನ್ನೇ ಹೇಳುತ್ತದೆ, ಮುಂದಿನದು, ಸಮಸ್ಯೆ ಹಾಗೇ ಇದ್ದರೆ ಕರೆ ಮಾಡಿ. ಮಾಡಿದಳು, ಹಾಡು, ಹಾಡಿನ ಮೇಲೆ ಹಾಡು, ಕಾದಿದ್ದಕ್ಕೆ ಧನ್ಯವಾದ, ಕೊನೆಗೆ ಬ್ಯಾಂಕಾಕಿನ ಹುಡುಗಿಯ ದನಿ, ಎಳೆಯದು, ಹೇಳಿ ಅಮ್ಮ, ಏನಾಗ್ತಿದೆ, ಹೇಳಿದಳು, ಬಾಯಿ ಒಣಗುವವರೆಗೆ ಹೇಳಿದಳು, ದಹನ ಶನಿವಾರ ಅಂತಲೂ ಹೇಳಿಬಿಟ್ಟಳು, ಹುಡುಗಿ ಅಯ್ಯೋ ಅಂದಿತು, ಅಮ್ಮ ತಾರೀಖು ಸರಿ ಇದೆಯಾ, ಇದೆ ಮಗಳೇ, ನಾನು ತಾರೀಖು ಬರೆದೇ ಪಿಂಚಣಿ ತಗೊಂಡವಳು, ಅದು ಸರಿ ಅಮ್ಮ, ಆದ್ರೂ ಒಂದು ಸಲ ಬಾಣ ಅದರ ಮೇಲಿಟ್ಟು ಸುಮ್ಮನಿರಿ, ಒತ್ತಬೇಡಿ, ಪೂರ್ತಿ ತಾರೀಖು ಬರತ್ತೆ, ವರ್ಷದ ನಾಲ್ಕು ಅಂಕಿನೂ ಒಂದೊಂದೇ ಓದಿ, ಬಾಣ ಇಟ್ಟಳು, ಪುಟ್ಟದೊಂದು ಚೌಕ ಎದ್ದಿತು, ಕನ್ನಡಕ ಒತ್ತಿಕೊಂಡಳು, ಎರಡು ಅಂದಳು, ಸೊನ್ನೆ ಅಂದಳು, ಆರು, ಎಂಟು. ಆ ಕಡೆ ಹುಡುಗಿ ಮೆತ್ತಗೆ ನಕ್ಕಿತು, ಬೇಸರ ಮಾಡ್ಕೋಬೇಡಿ ಅಮ್ಮ, ದಿನಕ್ಕೆ ಇಬ್ಬರಾದ್ರೂ ಹೀಗೇ ಫೋನ್ ಮಾಡ್ತಾರೆ, ಹಳೇ ಯಂತ್ರ ವರ್ಷಕ್ಕೆ ಎರಡೇ ಅಂಕಿ ಕೇಳತ್ತೆ, ನಮಗೆ ಎರಡು ಸಾವಿರದ ಐನೂರ ಅರವತ್ತೆಂಟು ನಡೀತಿದೆ, ನಾವು ಅರವತ್ತೆಂಟು ಅಂತೀವಿ, ಆದರೆ ಅದು ಬುದ್ಧನ ವರ್ಷ ಎಣಿಸಲ್ಲ, ಪರದೇಶದ ವರ್ಷ ಎಣಿಸೋದು, ಅದಕ್ಕೆ ಇಪ್ಪತ್ತೈದು ಅನ್ನಬೇಕು, ನೀವು ಅರವತ್ತೆಂಟು ಅಂದ್ರಿ, ಅದು ನಲವತ್ತಮೂರು ವರ್ಷ ಮುಂದೆ ಹೋಗಿ ಕೂತಿದೆ, ಅಲ್ಲಿಗೆ ಎಲ್ಲದರ ಅವಧಿನೂ ಮುಗಿದಿದೆ, ಯಾರನ್ನೂ ನಂಬಲ್ಲ ಅದು, ಬದಲಾಯಿಸಿ, ಎರಡು ಸೊನ್ನೆ ಎರಡು ಐದು, ಆಯ್ತಾ, ಈಗ ಅಪ್‌ಡೇಟ್ ಒತ್ತಿ — ಒತ್ತಿದಳು, ಗುರಾಣಿ ಗಿರಗಿರ ತಿರುಗಿತು, ಹಳದಿಯಾಯಿತು, ಹಸಿರಾಯಿತು, ಅಷ್ಟೇನಾ, ಅಷ್ಟೇ ಅಮ್ಮ, ಅರ್ಧ ನಿಮಿಷದ ಕೆಲಸ, ಫೋನಲ್ಲೇ ಆಗೋಗತ್ತೆ, ಇದಕ್ಕೆ ಯಾರೂ ಮನೆವರೆಗೂ ಬರೋ ಅಗತ್ಯನೇ ಇರಲ್ಲ, ಇನ್ನೇನಾದ್ರೂ ಸಹಾಯ ಬೇಕಾ, ಅಮ್ಮ, ಕೇಳಿಸ್ತಿದೆಯಾ ಅಮ್ಮ. ಬೇಡ ಮಗಳೇ ಅಂದಳು.

ಫೋಟೋಗಳು ಒಂದೊಂದಾಗಿ ಪೆನ್‌ಡ್ರೈವಿಗೆ ಹೋಗುತ್ತಿವೆ, ಈಗ ಯಾವ ತಕರಾರೂ ಇಲ್ಲ, ತಲೆ ಬೋಳಿಸಿ ಹುಬ್ಬು ಬೋಳಿಸಿ ಭಿಕ್ಷುವಾದಾಗಿನ ಥವಿಲ್, ಮೊಟ್ಟೆಗೆ ಕಿವಿ ಅಂಟಿಸಿದ ಹಾಗೆ ಇದಾನೆ ಅಂತ ಅಪ್ಪ ನಕ್ಕಿದ್ದ, ಕಂಬದ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೈಬೀಸುವ ಥವಿಲ್, ಮದುವೆಯಲ್ಲಿ ಉಬೋನ್‌ಳ ಪಕ್ಕ ತಲೆಗೆ ಬಿಳಿದಾರ ಸುತ್ತಿಸಿಕೊಂಡ ಥವಿಲ್, ಅರ್ಧ ನಿಮಿಷ, ಅವನು ಕೇಳಿದ್ದನಲ್ಲ, ಅದನ್ನೇ ಕೇಳಿದ್ದ, ರೋಗ ಇದ್ದ ಜಾಗಕ್ಕೇ ಸರಿಯಾಗಿ ಬೆರಳಿಟ್ಟಿದ್ದ, ಅವಳು ಅರವತ್ತೆಂಟು ಅಂದಳು, ಅವನ ಕಿವಿಗೂ ಅದು ಸರಿಯಾಗೇ ಕೇಳಿಸಿತು, ಸಿಂಗಪುರದಲ್ಲೋ ಎಲ್ಲೋ ಹುಟ್ಟಿದವನಾಗಿದ್ದರೆ ಅರವತ್ತೆಂಟಾ ಅಂತ ಬೆಚ್ಚುತ್ತಿದ್ದ, ಇವರಿಬ್ಬರೂ ಇದೇ ಊರಿನವರು, ಇದೇ ಕ್ಯಾಲೆಂಡರ್ ನೋಡಿ ಬೆಳೆದವರು, ಅವಳು ಹೇಳಿದ್ದೂ ಸರಿ ಅವನು ಕೇಳಿದ್ದೂ ಸರಿ, ಎರಡು ರಾತ್ರಿ ನಿದ್ದೆ ಆಗಿದ್ದಿದ್ದರೆ ನಾಲ್ಕೂ ಅಂಕಿ ಓದು ಅಕ್ಕ ಅನ್ನುತ್ತಿದ್ದನೋ ಏನೋ, ನಿದ್ದೆ ಕೆಡಿಸಿದ್ದು ಯಾರು, ಬಿರುಗಾಳಿ ಎರಡು ರಾತ್ರಿ, ಆಮೇಲಿನದು ಅವಳು, ತಾರೀಖು ಹಾಕಿದ ಕೈ ಇದೇ, ಊರಿನ ಸಾವನ್ನೆಲ್ಲ ಒಂದೂ ತಪ್ಪಿಲ್ಲದೆ ಬರೆದುಕೊಂಡ ಕೈ ಅಂತ ಕಚೇರಿಯಲ್ಲಿ ಬೀಳ್ಕೊಡುವಾಗ ಹೊಗಳಿದ್ದರು, ಮಾಲೆ ಹಾಕಿದ್ದರು, ಬುಪ್ಪಾ ಆ ಕೈಯನ್ನು ಮೌಸಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಇಷ್ಟು ದಿನ ಯಂತ್ರವೇ ಕೆಟ್ಟಿತ್ತು ಅಂದುಕೊಂಡಿದ್ದಳು, ಕೆಟ್ಟ ಯಂತ್ರಕ್ಕೆ ತಮ್ಮನನ್ನು ಕರೆದದ್ದು ತಪ್ಪೇ ಅಂತ ತನ್ನ ಪರವಾಗಿ ತಾನೇ ವಾದಿಸಿಕೊಂಡಿದ್ದಳು, ಯಂತ್ರಕ್ಕೆ ಏನೂ ಆಗಿರಲಿಲ್ಲ. ಅಳು ಬರಲಿಲ್ಲ, ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಬರೀ ಮಲಗಬೇಕು ಅನ್ನಿಸಿತು, ಪುಟ ತೆರೆದುಕೊಂಡಿದೆ, ಮೇಲೆ ಕೊನೆಯ ದಿನ ಅಂತ ಇದೆ, ಕೆಳಗೆ ಖಾಲಿ, ಮೂವತ್ತೊಂದು ಜನರ ಕೊನೆಯ ದಿನವನ್ನು ಅವಳು ಎಷ್ಟು ಚೆನ್ನಾಗಿ ಬರೆದುಕೊಟ್ಟಿದ್ದಳು, ಮಕ್ಕಳು ಮೊಮ್ಮಕ್ಕಳ ನಡುವೆ ಶಾಂತವಾಗಿ, ಕುಡುಕ ಕಾಲುವೆಗೆ ಬಿದ್ದು ಸತ್ತದ್ದನ್ನೂ ನೀರಿನ ಪ್ರೀತಿ ಅಂತ ತಿದ್ದಿ ಕೊಟ್ಟಿದ್ದಳು, ಇಲ್ಲೂ ಏನಾದರೂ ಬರೆಯಬಹುದು, ಅಕ್ಕನನ್ನು ನೋಡಲು ಸುಮ್ಮನೆ ಬರುತ್ತಿದ್ದಾಗ ಅಂತ, ಸುಮ್ಮನೆ ಅನ್ನುವ ಒಂದು ಮಾತು ಸಾಕು, ಉಬೋನ್ ನಂಬುತ್ತಾಳೆಯೇ, ನಂಬುವುದಿಲ್ಲ, ಸುಮ್ಮನೆ ಬರುವವನು ಎರಡು ಚೀಲ ಯಾಕೆ ತಂದ ಅನ್ನುತ್ತಾಳೆ, ಕೊಕ್ಕೆಯಲ್ಲಿ ಎರಡು ಚೀಲ, ಒಂದರಲ್ಲಿ ಕೊಳವೆ, ಇನ್ನೊಂದಕ್ಕೆ ರಬ್ಬರ್ ಬ್ಯಾಂಡು, ಬೇಡ.

ಫೋನು, ಅವಳೇ, ಅಕ್ಕ ನಾಲ್ಕೂವರೆ ಆಯ್ತು, ಆಯ್ತು ಉಬೋನ್, ಫೋಟೋ ಎಲ್ಲ ತುಂಬಿಸಿದೆ, ಈಗ ಕಳಿಸ್ತೀನಿ, ಸದ್ಯ, ಏನಾಗಿತ್ತಂತೆ ಅದಕ್ಕೆ — ಇಲ್ಲಿ ಬುಪ್ಪಾ ಏನೋ ಒಂದು ಹೇಳಬಹುದಿತ್ತು, ವೈರಸ್ ಅಂದರೆ ಮುಗಿಯುತ್ತಿತ್ತು, ಉಬೋನ್‌ಗೆ ಎಲ್ಲವೂ ವೈರಸ್ಸೇ, ಹೇಳಲು ಬಾಯಿ ತೆರೆದಳು, ತಾರೀಖು ನಾನು ತಪ್ಪು ಹಾಕಿದ್ದೆ ಉಬೋನ್, ಅವತ್ತೂ ನಾನೇ ಹಾಕಿದ್ದು, ಅವತ್ತು ಅಂದ್ರೆ, ಅವತ್ತು, ನೀನು ಸಂತೆಗೆ ಹೋದ ಮೇಲೆ ಅವನಿಗೆ ಫೋನ್ ಮಾಡಿದೆ, ಏಳು ಸಲ ಮಾಡಿದೆ, ಎಬ್ಬಿಸ್ಬೇಡಿ ಅಂದಿದ್ದೆ ನೀನು, ನಾನು ಎಬ್ಬಿಸಿದೆ, ಇದನ್ನ ರಿಪೇರಿ ಮಾಡೋಕೆ ಬರ್ತಿದ್ದ, ಆ ಬ್ಯಾಟರಿ ಇದಕ್ಕೇನೇ, ಇದರ ಹೊಟ್ಟೇಲಿ ಹಾಕೋದು, ನೊಯ್ ಅಲ್ಲ, ಯಾರೂ ಅಲ್ಲ, ಇನ್ನೊಂದು ಚೀಲ ನಂದು ಕಣಮ್ಮ, ನಾನು ಕದ್ದು ಕುಡೀತಿದ್ದೆ, ಅವನೇ ತಂದುಕೊಡ್ತಿದ್ದ, ಆಸ್ಪತ್ರೇಲಿ ನೀನು ಕೇಳಿದಾಗ ಹೆದರಿಬಿಟ್ಟೆ, ನನ್ನ ಬೈಯಿ, ಹೊಡಿ ಬೇಕಾದ್ರೆ, ಅವನಿಗೆ ಹೂ ಇಡು ಉಬೋನ್, ಅವನದ್ದೇನೂ ತಪ್ಪಿಲ್ಲ. ಆ ಕಡೆ ಟಿವಿಯಲ್ಲಿ ಯಾರೋ ನಗುತ್ತಿದ್ದರು, ಅದು ನಿಂತಿತು, ಉಬೋನ್, ಉಬೋನ್ ಅಂತ ಬುಪ್ಪಾ ಎರಡು ಸಲ ಕರೆದಳು, ದನಿ ಬಂತು, ಬೈಗುಳವಲ್ಲ, ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಸಣ್ಣ ದನಿ, ಸಂತೆಯಲ್ಲಿ ಕೈ ತಪ್ಪಿದ ಮಗುವಿನ ದನಿ, ನೂರು ದಿನ ಅಕ್ಕ, ನೂರು ದಿನ ಅವರ ಪೆಟ್ಟಿಗೆ ಮುಂದೆ ಕೂತು ನಾನು ಅವರನ್ನ ಬೈದೆ, ಊಟ ಇಡುವಾಗಲೂ ಬೈದ್ಕೊಂಡೇ ಇಟ್ಟೆ, ಅವಳ ಹತ್ರಾನೇ ಹೋಗಿ ತಿನ್ನು ಅಂದೆ, ನೀವು ಪಕ್ಕದಲ್ಲೇ ಕೂತಿದ್ರಿ ಅಕ್ಕ. ಹೌದು, ಕೂತಿದ್ದಳು, ಊದುಬತ್ತಿ ಹಚ್ಚಿಕೊಡುತ್ತ, ಕೇಳುತ್ತ, ಪಕ್ಕದಲ್ಲೇ ಕೂತಿದ್ದಳು, ಫೋನು ಕಿವಿಯಲ್ಲಿದೆ, ಅದು ಕಡಿದಿದೆಯೋ ಇಲ್ಲವೋ, ಫ್ಯಾನು ಗೊರಗೊರ, ಮುದ್ರಣದವನಿಗೆ ಕಳಿಸಬೇಕು, ಪುಟ ಬರೆಯಬೇಕು, ಏನೋ ಮಾಡಬೇಕಿತ್ತು, ಏನದು, ಕಣ್ಣೆದುರು ಮತ್ತೆ ಅವತ್ತಿನ ಬಿಸಿಲು, ಬರಿಗಾಲು ಸುಡುವ ಟಾರು, ಈ ಸಲ ಜನ ಸರಿದು ದಾರಿ ಬಿಟ್ಟರು, ಬೈಕು ನೆಟ್ಟಗೆ ನಿಂತಿದೆ, ಕೊಕ್ಕೆಯಲ್ಲಿ ಎರಡು ಚೀಲ ಮೆಲ್ಲಗೆ ತೂಗುತ್ತಿವೆ, ಒಂದು ಅರ್ಧ, ಒಂದು ತುಂಬಿದ್ದು, ರಬ್ಬರ್ ಬ್ಯಾಂಡು ಬಿಗಿದದ್ದು, ಒಳಗೆ ಐಸು, ಇಷ್ಟು ಬಿಸಿಲು, ಐಸು ಕರಗಿಲ್ಲ, ಕರಗಿಲ್ಲ, ಇನ್ನೂ ಕರಗಿಲ್ಲ